ಮತಕ್ಕೆ ರಜೆ, ಮಾತಿಗೆ ಸಂಬಳ ಕಡಿತ

ಮತದಾನದ ದಿನ ಗಾರ್ಮೆಂಟ್ಸ್ ಕಾರ್ಖಾನೆಗೆ ರಜೆ. ಆ ದಿನದ ಸಂಬಳ ಹಿಡಿಯುವಂತಿಲ್ಲ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಸೆಕ್ಷನ್ ಹಾಗೆಂದು ಹೇಳುತ್ತದೆ, ತಪ್ಪಿದ ಮಾಲೀಕನಿಗೆ ದಂಡವನ್ನೂ ಇಟ್ಟಿದೆ. ಅಲ್ಲಿ ದುಡಿಯುವ ಹೆಣ್ಣುಮಗಳು ತನ್ನ ಮತದಿಂದ ಬಂದ ಸರ್ಕಾರಕ್ಕೆ ಒಂದು ಮಾತು ಹೇಳಬೇಕೆಂದು ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಧರಣಿಗೆ ಬಂದರೆ ಅವತ್ತಿನ ಕೂಲಿ ಹೋಗುತ್ತದೆ, ತಿಂಗಳ ಹಾಜರಿ ಬೋನಸ್ಸಿಗೂ ಕುತ್ತು ಬರುತ್ತದೆ, ಮರುದಿನ ಗೇಟಿನಲ್ಲಿ ‘ನಿನ್ನೆ ಎಲ್ಲಿಗೆ ಹೋಗಿದ್ದೆ’ ಎಂಬ ವಿಚಾರಣೆ ಕಾದಿರುತ್ತದೆ. ದುಡಿಯುವ ಹೆಣ್ಣಿನ ಮತ ಎಲ್ಲ ಪಕ್ಷಗಳಿಗೂ ಬೇಕು. ಅವಳ ಮಾತು ಯಾವ ಪಕ್ಷಕ್ಕೂ ಬೇಡ. ಈ ಟಿಪ್ಪಣಿ ಬರೆಯಲು ಕಾರಣ ಇದು.

2025ರ ಜೂನ್‌ನಲ್ಲಿ ಮಾತಿನ ಮೇಲೆಯೇ ಕಣ್ಣಿಟ್ಟ ಕರ್ನಾಟಕ ಸರ್ಕಾರದ ಒಂದು ಮಸೂದೆಯ ಕರಡು ಹೊರಬಿತ್ತು. ತಪ್ಪು ಮಾಹಿತಿ ಮತ್ತು ಸುಳ್ಳುಸುದ್ದಿಯನ್ನು ನಿಷೇಧಿಸುವ ಮಸೂದೆ. ಜಾಲತಾಣದಲ್ಲಿ ಸುಳ್ಳುಸುದ್ದಿ ಹಾಕಿದವರಿಗೆ 7 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ, ವಿಚಾರಣೆಗೆ ವಿಶೇಷ ನ್ಯಾಯಾಲಯ, ಯಾವುದು ಸರಿ ಯಾವುದು ತಪ್ಪು ಎಂದು ನೋಡಲು ಸಚಿವರೊಬ್ಬರ ಅಧ್ಯಕ್ಷತೆಯ ಪ್ರಾಧಿಕಾರ. ತಡೆಯಬೇಕಾದ ವಿಷಯಗಳ ಸಾಲಿನಲ್ಲಿ ‘ಸ್ತ್ರೀವಾದ ವಿರೋಧಿ’ ಬರಹವೂ ಇತ್ತು, ಸನಾತನ ಸಂಕೇತಗಳಿಗೆ ಅಗೌರವ ತೋರುವ ಬರಹವೂ ಇತ್ತು. ಟೀಕೆ ಜೋರಾದ ಮೇಲೆ ಸರ್ಕಾರ ಇದಿನ್ನೂ ಚರ್ಚೆಯ ಹಂತದ ಕರಡು ಎಂದಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ದ್ವೇಷ ಭಾಷಣದ ವಿರುದ್ಧ ಇನ್ನೊಂದು ಮಸೂದೆ ವಿಧಾನಮಂಡಲದಲ್ಲಿ ಪಾಸಾಯಿತು. ಅದರ ಗುಣದೋಷ ಇಲ್ಲಿ ಬೇಡ. ನನ್ನನ್ನು ಕಾಡುತ್ತಿರುವುದು ಜೂನ್ ಕರಡಿನ ‘ಸ್ತ್ರೀವಾದ ವಿರೋಧಿ’ ಎಂಬ ಆ ಎರಡು ಪದ.

ಫೋನಿನಲ್ಲಿ ಹೆಣ್ಣುಮಕ್ಕಳ ಮೇಲೆ ಸುರಿಯುವ ಹೊಲಸನ್ನು ನಾನು ಹಗುರವಾಗಿ ನೋಡುತ್ತಿಲ್ಲ. ಪತ್ರಕರ್ತೆಯರು, ನಟಿಯರು, ರಾಜಕಾರಣಕ್ಕೆ ಬಂದ ಹೆಂಗಸರು ದಿನಬೆಳಗಾದರೆ ಅದನ್ನು ಒರೆಸಿಕೊಂಡು ಕೆಲಸಕ್ಕೆ ಕೂರುತ್ತಾರೆ. ಅತ್ಯಾಚಾರದ ಬೆದರಿಕೆ, ಹಿಂಬಾಲಿಸುವುದು, ಚಿತ್ರ ತಿರುಚುವುದು ಇವೆಲ್ಲ ಈಗಿರುವ ಕಾನೂನಿನಲ್ಲೇ ಅಪರಾಧ. ಠಾಣೆಯಲ್ಲಿ ದೂರು ಬರೆಸಿಕೊಂಡರೆ ಸಾಕು. ಆದರೆ ‘ಸ್ತ್ರೀವಾದ ವಿರೋಧಿ’ ಎಂದರೆ ಏನೆಂದು ತೀರ್ಮಾನಿಸುವವರು ಯಾರು? ಸಚಿವರ ಸಮಿತಿಯೇ? ಇಂಥ ಹರವಾದ ಪದಗಳ ಕಾನೂನು ಮೊದಲು ಯಾರ ಕೊರಳಿಗೆ ಬೀಳುತ್ತದೆ ಎಂಬುದನ್ನು ನಾವು ಈಗಾಗಲೇ ಕಂಡಿದ್ದೇವೆ. 2012ರ ನವೆಂಬರ್‌ನಲ್ಲಿ ಬಾಳ ಠಾಕ್ರೆ ತೀರಿಕೊಂಡಾಗ ಮುಂಬೈ ಬಂದ್ ಆಯಿತು. ಬಂದ್ ಯಾಕೆ ಎಂದು ಕೇಳಿ ಪಾಲ್ಘರ್‌ನ ಯುವತಿಯೊಬ್ಬಳು ಫೇಸ್‌ಬುಕ್ಕಿನಲ್ಲಿ ಬರೆದಳು, ಇನ್ನೊಬ್ಬಳು ಅದಕ್ಕೆ ಲೈಕ್ ಒತ್ತಿದಳು. ಇಬ್ಬರನ್ನೂ ಪೊಲೀಸರು ಬಂಧಿಸಿದರು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ ಸುಪ್ರೀಂ ಕೋರ್ಟಿನ ಮುಂದೆ ಬಂದದ್ದು ಆ ಇಬ್ಬರು ಹೆಣ್ಣುಮಕ್ಕಳ ಬಂಧನದ ಕಾರಣದಿಂದ. 2015ರ ಮಾರ್ಚ್ 24ರಂದು ಕೋರ್ಟು ಅದನ್ನು ಪೂರ್ತಿ ರದ್ದು ಮಾಡಿತು. ಹೆಣ್ಣನ್ನು ಕಾಪಾಡುತ್ತೇವೆಂದು ಬರುವ ಮಾತಿನ ಕಾನೂನು ಮಾತಾಡುವ ಹೆಣ್ಣಿಗೇ ತಿರುಗುವುದು ಊಹೆಯಲ್ಲ, ಆಗಿಹೋದ ಸಂಗತಿ.

ಇನ್ನೊಂದು ಕಡೆಯಿಂದ ನೋಡಿ. ಬೆಂಗಳೂರಿನ ಪೀಣ್ಯದಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತ ಹೆಣ್ಣಿಗೆ ಬೈಗುಳ ಬರುವುದು ಫೋನಿನಿಂದಲ್ಲ. ಒಂದು ಮೊಳ ದೂರದಿಂದ, ಬೆನ್ನ ಹಿಂದೆ ನಿಂತವನ ಬಾಯಿಂದ. ಗಂಟೆಗೆ ಇಷ್ಟು ಪೀಸು ಎಂದು ಟಾರ್ಗೆಟ್ ಬೋರ್ಡಿನಲ್ಲಿ ಬರೆದಿರುತ್ತದೆ. ಹಿಂದೆ ಬಿದ್ದರೆ ಲೈನ್ ಸೂಪರ್‌ವೈಸರ್ ಕೂಗುತ್ತಾನೆ, ಅವನ ಮೇಲೆ ಫ್ಲೋರ್ ಇನ್‌ಚಾರ್ಜ್ ಕೂಗಿರುತ್ತಾನೆ. ಕಾಲರ್ ಹಚ್ಚುವವಳು ಮೂತ್ರಕ್ಕೆಂದು ಎದ್ದುಹೋದರೆ ಮುಂದಿನವಳ ಕೈಗೆ ಪೀಸು ಬರುವುದಿಲ್ಲ, ಲೈನ್ ನಿಲ್ಲುತ್ತದೆ. ಹಾಗಾಗಿ ಬಹಳ ಮಂದಿ ಬೆಳಿಗ್ಗೆಯಿಂದ ನೀರನ್ನೇ ಕುಡಿಯುವುದಿಲ್ಲ. ಈ ಕೂಗಾಟ ಯಾವ ಕರಡು ಮಸೂದೆಯಲ್ಲೂ ಸ್ತ್ರೀ ವಿರೋಧಿ ಎನಿಸಿಕೊಂಡಿಲ್ಲ. ಲೈಂಗಿಕ ಕಿರುಕುಳವಾದರೆ 2013ರ ಕಾಯ್ದೆ ಇದೆ, ಕಾರ್ಖಾನೆಯೊಳಗೆ ಆಂತರಿಕ ಸಮಿತಿ ಇರಬೇಕು. ಆದರೆ ಅಲ್ಲಿ ಬಾಯಿಬಿಟ್ಟವಳಿಗೆ ನಾಳೆ ಕೆಲಸ ಇರುತ್ತದೆ ಎಂಬ ಖಾತರಿ ಬೇಕು. ಅದು ಸಿಗುವುದು ಬೆನ್ನಿಗೆ ಸಂಘ ಇದ್ದಾಗ. ಸಂಘ ಕಟ್ಟಲು ಹೋದವರನ್ನು ಯಾವ ನೆಪ ಹೇಳಿ ಹೊರಗೆ ಹಾಕುತ್ತಾರೆ ಎಂಬುದನ್ನು ಈ ಉದ್ದಿಮೆಯಲ್ಲಿ ಆರು ತಿಂಗಳು ದುಡಿದ ಯಾರನ್ನು ಬೇಕಾದರೂ ಕೇಳಬಹುದು.

2025ರ ಅಕ್ಟೋಬರ್ 9ರಂದು ರಾಜ್ಯ ಸಚಿವ ಸಂಪುಟ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ವೇತನಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಸರ್ಕಾರಿ ಕಚೇರಿಗೆ ಮಾತ್ರವಲ್ಲ, ಖಾಸಗಿ ಉದ್ದಿಮೆಗೂ. ಒಳ್ಳೆಯ ಕೆಲಸ, ಮನಸಾರೆ ಸ್ವಾಗತಿಸುತ್ತೇನೆ. ಆದರೆ ಆ ರಜೆಯನ್ನು ಕೇಳಬೇಕಲ್ಲ? ನೂರು ಜನರ ಎದುರು, ಗಂಡಸು ಸೂಪರ್‌ವೈಸರನ ಮುಂದೆ ನಿಂತು, ಶಿಪ್‌ಮೆಂಟ್ ಹತ್ತಿರ ಬಂದ ವಾರದಲ್ಲಿ, ‘ಇವತ್ತು ನನಗೆ ಆಗಲ್ಲ ಸರ್’ ಎನ್ನಬೇಕು. ಸಂಕೋಚವಿಲ್ಲದೆ ಆ ಒಂದು ವಾಕ್ಯ ಹೇಳುವ ಧೈರ್ಯ ಇದ್ದವಳಿಗೆ ಮಾತ್ರ ಆ 12 ದಿನ ಸಿಗುತ್ತದೆ. ಹೆಣ್ಣಿಗೆ ಕೊಟ್ಟ ಪ್ರತಿ ಹಕ್ಕೂ ಕೊನೆಗೆ ಅವಳ ನಾಲಗೆಯ ಮೇಲೆ ಬಂದು ನಿಲ್ಲುತ್ತದೆ.

ಒಮ್ಮೆ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಯಾರ ಅಪ್ಪಣೆಗೂ ಕಾಯದೆ ಮಾತಾಡಿದ್ದರು. 2016ರ ಏಪ್ರಿಲ್ 18 ಮತ್ತು 19. ಕೇಂದ್ರ ಸರ್ಕಾರ ಆ ವರ್ಷದ ಫೆಬ್ರುವರಿಯಲ್ಲಿ ಭವಿಷ್ಯ ನಿಧಿಯ ನಿಯಮ ಬದಲಿಸಿ, ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದಿತ್ತು. ದೆಹಲಿಯಲ್ಲಿ ಕೂತು ಬರೆದವರಿಗೆ ಪಿಎಫ್ ಎಂದರೆ ಮುಪ್ಪಿನ ಊರುಗೋಲು. ಗಾರ್ಮೆಂಟ್ಸ್ ಹೆಂಗಸಿಗೆ ಅದು ಮಗಳ ಕಾಲೇಜಿನ ಫೀಸು, ಒತ್ತೆಯಿಟ್ಟ ಓಲೆ, ಊರಲ್ಲಿ ಸೋರುವ ಮನೆಯ ಮಾಡು. ಒಂದು ಕಾರ್ಖಾನೆ ಬಿಟ್ಟು ಇನ್ನೊಂದಕ್ಕೆ ಸೇರುವ ನಡುವೆ ‘ಪಿಎಫ್ ತೆಗೆಸಿ’ ಸಾಲ ತೀರಿಸುವುದು ಅವರ ಬದುಕಿನ ಲೆಕ್ಕ. ಐವತ್ತೆಂಟರವರೆಗೆ ಆ ಯಂತ್ರದ ಮುಂದೆ ಕೂರಲು ಯಾವ ಬೆನ್ನಿಗೂ ಆಗುವುದಿಲ್ಲ ಎಂದು ಅವರಿಗೆ ಗೊತ್ತಿತ್ತು, ನಿಯಮ ಬರೆದವರಿಗೆ ಗೊತ್ತಿರಲಿಲ್ಲ.

ಸುದ್ದಿ ಲೈನಿನಿಂದ ಲೈನಿಗೆ ಹಬ್ಬಿತು. ಯಂತ್ರ ನಿಲ್ಲಿಸಿ ಸಾವಿರಾರು ಮಂದಿ ಬೊಮ್ಮನಹಳ್ಳಿಯ ಬಳಿ ಹೊಸೂರು ರಸ್ತೆಗೆ ಇಳಿದರು. ಮರುದಿನ ತುಮಕೂರು ರಸ್ತೆ, ಜಾಲಹಳ್ಳಿ ಕ್ರಾಸ್ ತುಂಬಿದವು. ಮುಂದೆ ನಿಂತು ನಡೆಸಿದ ಪಕ್ಷವಿರಲಿಲ್ಲ, ಕರೆ ಕೊಟ್ಟ ಸಂಘವೂ ಇರಲಿಲ್ಲ. ಲಾಠಿ ಬೀಸಿತು, ಅಶ್ರುವಾಯು ಹಾರಿತು. ಬಸ್ಸುಗಳಿಗೆ ಬೆಂಕಿ ಬಿತ್ತು, ಹೆಬ್ಬಗೋಡಿ ಠಾಣೆಯ ಮೇಲೆ ದಾಳಿಯಾಯಿತು. ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಬೆಂಕಿಯ ಚಿತ್ರವನ್ನಷ್ಟೇ ನೆನಪಿಟ್ಟುಕೊಂಡು, ಬಿಸಿಲಲ್ಲಿ ಸೆರಗು ತಲೆಗೆ ಹೊದ್ದು ಗಂಟೆಗಟ್ಟಲೆ ರಸ್ತೆಯಲ್ಲಿ ಕೂತಿದ್ದ ಅಷ್ಟೊಂದು ಹೆಂಗಸರನ್ನು ಮರೆಯುವುದು ಅನ್ಯಾಯ. 19ರಂದು ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಮೊದಲು ಆ ಅಧಿಸೂಚನೆಯನ್ನು ಜುಲೈ 31ರವರೆಗೆ ತಡೆಹಿಡಿಯುತ್ತೇವೆ ಎಂದರು, ಅಂದೇ ಪೂರ್ತಿ ಹಿಂದಕ್ಕೆ ತೆಗೆದುಕೊಂಡರು. ಇಡೀ ದೇಶದ ದುಡಿಯುವವರ ದುಡ್ಡನ್ನು ಬೆಂಗಳೂರಿನ ಹೊಲಿಗೆ ಹೆಂಗಸರು ಎರಡು ದಿನದಲ್ಲಿ ಬಿಡಿಸಿಕೊಟ್ಟರು.

ಅದೇ ಇವತ್ತು ನಡೆದರೆ ಏನಾಗುತ್ತದೆ? 2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳಲ್ಲಿ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಒಂದು. ಅದರ ಪ್ರಕಾರ ಯಾವುದೇ ಕಾರ್ಖಾನೆಯಲ್ಲಿ ಮುಷ್ಕರ ಮಾಡಬೇಕಾದರೂ 14 ದಿನ ಮೊದಲು ನೋಟಿಸು ಕೊಡಬೇಕು. ರಾಜಿ ಮಾತುಕತೆ ಶುರುವಾದರೆ ಆಗಲೂ ಮುಷ್ಕರ ಹೂಡುವಂತಿಲ್ಲ. ಅರ್ಧದಷ್ಟು ಕಾರ್ಮಿಕರು ಒಟ್ಟಿಗೆ ರಜೆ ಹಾಕಿದರೆ ಅದೂ ಮುಷ್ಕರವೇ. ತಪ್ಪಿದರೆ ಕಾರ್ಮಿಕರಿಗೆ 1,000ದಿಂದ 10,000 ರೂಪಾಯಿ ದಂಡ ಅಥವಾ ಒಂದು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಹತ್ತು ಸಾವಿರ ಎಂದರೆ ಅವಳ ತಿಂಗಳ ದುಡಿಮೆಯ ಬಹುಪಾಲು. 2016ರ ಏಪ್ರಿಲ್‌ನಲ್ಲಿ ಗೆದ್ದ ಮಾತು ಇಂದು ಅಪರಾಧವಾಗುತ್ತಿತ್ತು.

ಇದನ್ನು ಒಂದೇ ಪಕ್ಷದ ತಲೆಗೆ ಕಟ್ಟಿ ಕೈತೊಳೆದುಕೊಳ್ಳಲು ಆಗುವುದಿಲ್ಲ. ಸಂಹಿತೆ ತಂದದ್ದು ಕೇಂದ್ರದ ಬಿಜೆಪಿ ನೇತೃತ್ವದ ಸರ್ಕಾರ. ದಿನಕ್ಕೆ 12 ಗಂಟೆಯವರೆಗೆ ದುಡಿಸಲು, ಹೆಂಗಸರನ್ನು ರಾತ್ರಿ ಪಾಳಿಗೆ ಕರೆಸಲು ಅವಕಾಶ ಕೊಡುವ ಕಾರ್ಖಾನೆ ಕಾಯ್ದೆಯ ತಿದ್ದುಪಡಿಗೆ 2023ರ ಫೆಬ್ರುವರಿಯಲ್ಲಿ ವಿಧಾನಮಂಡಲದ ಒಪ್ಪಿಗೆ ಪಡೆದದ್ದು ರಾಜ್ಯದ ಅಂದಿನ ಬಿಜೆಪಿ ಸರ್ಕಾರ. ಮೂರೇ ತಿಂಗಳಲ್ಲಿ ಹೆಂಗಸರ ಮತ ಕೇಳಿ ಗೆದ್ದುಬಂದ ಕಾಂಗ್ರೆಸ್ ಸರ್ಕಾರ ಅದನ್ನು ತೆಗೆದುಹಾಕಲಿಲ್ಲ. ಆ ಚುನಾವಣೆಯಲ್ಲಿ 224 ಶಾಸಕರ ಪೈಕಿ ಆಯ್ಕೆಯಾದ ಹೆಂಗಸರು 10 ಮಂದಿ. ಹಾಗೆ ನೋಡಿದರೆ, ಗ್ರಾಮ ಮಟ್ಟದಲ್ಲಿ ಹೆಣ್ಣಿಗೆ ಸೀಟು ಮೀಸಲಿಡುವ ಕೆಲಸವನ್ನು ದೇಶಕ್ಕಿಂತ ಮೊದಲೇ, ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬರ ಕಾಲದಲ್ಲಿ, 1983ರ ಕಾಯ್ದೆಯಿಂದ ಶುರುಮಾಡಿದ ರಾಜ್ಯ ಇದು.

ಕಾಂಗ್ರೆಸ್ ಸರ್ಕಾರದ ಗ್ಯಾರಂಟಿಗಳ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ದುಡಿಯುವ ಹೆಣ್ಣಿನ ಮತದ ಮಾತು ಬಂದಾಗಲೆಲ್ಲ ಯಾರಾದರೂ ‘ಬಿಟ್ಟಿಭಾಗ್ಯ’ ಎನ್ನುತ್ತಾರೆ. 2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಶುರುವಾಯಿತು. 2025ರ ಜುಲೈ ಹೊತ್ತಿಗೆ ಶೂನ್ಯ ಟಿಕೆಟ್ಟಿನ ಪ್ರಯಾಣ 500 ಕೋಟಿ ದಾಟಿತು. ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ನೇರ ಮನೆಯೊಡತಿಯ ಖಾತೆಗೆ ಬರುತ್ತದೆ. ಬೆಳಗಿನ ಜಾವ ಎದ್ದು ಮನೆಮಂದಿಗೆಲ್ಲ ಅಡುಗೆ ಮಾಡಿಟ್ಟು, ಎರಡು ಬಸ್ಸು ಬದಲಿಸಿ ಕೆಲಸಕ್ಕೆ ಹೋಗುವವಳಿಗೆ ಟಿಕೆಟ್ಟಿನ ದುಡ್ಡು ಉಳಿದರೆ ಅದನ್ನು ಬಿಟ್ಟಿ ಎನ್ನಲು ನಾಲಗೆ ಹೇಗೆ ಏಳುತ್ತದೆ? ಹಾಗೆ ಮಾತಾಡುವವರು ಅವಳ ಮತವನ್ನು ಮಾರಿಕೊಂಡ ಮತವೆಂದು ಹೀಗಳೆಯುತ್ತಾರೆ. ಯೋಜನೆ ಕೊಟ್ಟ ಸರ್ಕಾರದವರು ಅದನ್ನೇ ತಿರುಗಿಸಿ, ‘ಇಷ್ಟೆಲ್ಲ ಕೊಟ್ಟಿದ್ದೇವಲ್ಲ, ಇನ್ನೇನು’ ಎನ್ನುತ್ತಾರೆ. ಎರಡೂ ಕಡೆಯವರು ಅವಳನ್ನು ಕೈಚಾಚಿ ನಿಂತವಳೆಂದೇ ನೋಡುತ್ತಾರೆ, ಬಾಯಿ ಇದ್ದವಳೆಂದು ನೋಡುವುದಿಲ್ಲ.

ಬಾಯಿ ತೆರೆದರೂ ಎಲ್ಲಿ ತೆರೆಯಬೇಕು ಎಂಬುದನ್ನು ಬೆಂಗಳೂರಿನಲ್ಲಿ ಬೇರೆಯವರು ಗೊತ್ತು ಮಾಡಿದ್ದಾರೆ. ಧರಣಿ, ಮೆರವಣಿಗೆಗಳಿಗೆ ಪರವಾನಗಿ ಕಡ್ಡಾಯ ಮಾಡಿ 2021ರ ಆದೇಶ ಬಂತು. ಸಂಚಾರ ದಟ್ಟಣೆಯ ಕಾರಣಕ್ಕೆ ತಾನೇ ಕೈಗೆತ್ತಿಕೊಂಡ ಪ್ರಕರಣದಲ್ಲಿ ಹೈಕೋರ್ಟು 2022ರಲ್ಲಿ ಆ ಆದೇಶವನ್ನು ಬಿಗಿಯಾಗಿ ಜಾರಿಮಾಡಲು ಹೇಳಿತು. ಈಗ ರಾಜಧಾನಿಯಲ್ಲಿ ಪ್ರತಿಭಟಿಸಲು ಉಳಿದದ್ದು ಫ್ರೀಡಂ ಪಾರ್ಕ್ ಒಂದೇ. ಆಂಬುಲೆನ್ಸ್ ಸಿಕ್ಕಿಬೀಳಬಾರದು ಎಂಬುದನ್ನು ಒಪ್ಪುತ್ತೇನೆ. ಆದರೆ ಸಂವಿಧಾನದ 19ನೇ ವಿಧಿಯಲ್ಲಿ ಮಾತಾಡುವ ಹಕ್ಕು, ಶಾಂತಿಯಿಂದ ಸೇರುವ ಹಕ್ಕು, ಸಂಘ ಕಟ್ಟುವ ಹಕ್ಕು ಮೂರೂ ಒಂದರ ಪಕ್ಕ ಒಂದು ಕೂತಿವೆ. ಬರೆಯಲು ಪತ್ರಿಕೆ, ಮಾತಾಡಲು ಟಿವಿ ಇರುವ ನಮ್ಮಂಥವರಿಗೆ ಮೊದಲನೆಯದೇ ಸಾಕಾಗಬಹುದು. ಕೂಲಿಯ ಹೆಣ್ಣಿಗೆ ಎರಡನೆಯದು, ಮೂರನೆಯದು ಇಲ್ಲದಿದ್ದರೆ ಮೊದಲನೆಯದು ಇದ್ದೂ ಇಲ್ಲ. ಅವಳೊಬ್ಬಳ ದನಿ ಯಾರಿಗೂ ಕೇಳುವುದಿಲ್ಲ. ಸಾವಿರ ಜನ ಸೇರಿ, ಸಚಿವರ ಕಾರು ಹೋಗುವ ದಾರಿಯಲ್ಲಿ ಕೂತರೆ ಕೇಳುತ್ತದೆ.

ಫ್ರೀಡಂ ಪಾರ್ಕ್ ಹಿಂದೆ ಬೆಂಗಳೂರಿನ ಕೇಂದ್ರ ಕಾರಾಗೃಹವಾಗಿತ್ತು. ತುರ್ತುಪರಿಸ್ಥಿತಿಯಲ್ಲಿ ಅಡ್ವಾಣಿ, ಮಧು ದಂಡವತೆಯಂಥವರು ಇಲ್ಲಿದ್ದರೆಂದು ಎಲ್ಲರೂ ನೆನೆಯುತ್ತಾರೆ. ‘ಸಂಸ್ಕಾರ’ ಚಿತ್ರದ ಚಂದ್ರಿಯಾಗಿ ನಟಿಸಿದ ಸ್ನೇಹಲತಾ ರೆಡ್ಡಿಯವರನ್ನು 1976ರಲ್ಲಿ ಇದೇ ಜೈಲಿಗೆ ಹಾಕಿದ್ದರು. ಅವರಿಗೆ ತೀವ್ರ ಉಬ್ಬಸವಿತ್ತು. ತಿಂಗಳುಗಟ್ಟಲೆ ಒಳಗಿಟ್ಟು, ಆರೋಗ್ಯ ಪೂರ್ತಿ ಕೆಟ್ಟ ಮೇಲೆ 1977ರ ಜನವರಿಯಲ್ಲಿ ಬಿಟ್ಟರು. ಹೊರಗೆ ಬಂದ ಕೆಲವೇ ದಿನಗಳಲ್ಲಿ, ಜನವರಿ 20ರಂದು, ಅವರು ತೀರಿಕೊಂಡರು. ಇಂದು ಧರಣಿಗೆ ಬರುವ ಹೆಂಗಸರು ಕಾಲು ಚಾಚಿ ಮಲಗುವುದು ಆ ನೆಲದಲ್ಲಿ.

2025ರ ಜನವರಿ ಎರಡನೇ ವಾರ. ಆಶಾ ಕಾರ್ಯಕರ್ತೆಯರು ನಾಲ್ಕು ದಿನ ಅಹೋರಾತ್ರಿ ಅಲ್ಲಿದ್ದರು. ಗುಲಾಬಿ ಸೀರೆ, ಮೇಲೊಂದು ಸ್ವೆಟರ್, ಕೆಳಗೆ ತಾಡಪಾಲು. ಮೈ ನಡುಗಿಸುವ ಮಾಗಿ ಚಳಿ. ಬಟ್ಟೆಯಲ್ಲಿ ಕಟ್ಟಿ ತಂದ ಜೋಳದ ರೊಟ್ಟಿಯನ್ನು ಮುರಿದು ಪಕ್ಕದವಳಿಗೆ ಕೊಡುತ್ತಿದ್ದ ಉತ್ತರ ಕರ್ನಾಟಕದ ಹೆಣ್ಣುಮಗಳೊಬ್ಬಳ ಚೀಲದಲ್ಲಿ ಗರ್ಭಿಣಿಯರ ತಾಯಿ ಕಾರ್ಡುಗಳ ಕಟ್ಟು ಹಾಗೇ ಇತ್ತು. ಅವಳ ಊರಲ್ಲಿ ಆ ವಾರ ಇಬ್ಬರ ಹೆರಿಗೆ ಆಗಬೇಕಿತ್ತು. ಗಳಿಗೆಗೊಮ್ಮೆ ಫೋನು ನೋಡುತ್ತಿದ್ದಳು. ಗೌರವಧನದ ಮಾತು ಬಂದಾಗ ಅವಳು ಹೇಳಿದ್ದು ಇಷ್ಟು: “ಗೌರವಾ ಅಂತ ಕೊಡ್ತಾರ್ರೀ ಸರ. ಗೌರವಾ ಒಯ್ದು ಕಿರಾಣಿ ಅಂಗಡ್ಯಾಗ ಕೊಟ್ರ ಜ್ವಾಳಾ ಕೊಡೂದಿಲ್ರೀ. ನಮಗ ಪಗಾರಾ ಬೇಕ್ರಿ.”

ಗೌರವಧನ. ಈ ಪದ ನಮ್ಮ ಆಡಳಿತ ಭಾಷೆಗೆ ಎಷ್ಟು ಅನುಕೂಲವಾಗಿದೆ! ಕವಿಗೋಷ್ಠಿಗೆ ಬಂದ ಕವಿಗೆ ಕೊಡುವುದೂ ಗೌರವಧನ, ಹಳ್ಳಿಯ ಮನೆಮನೆ ತಿರುಗಿ ಗರ್ಭಿಣಿಯರ ಲೆಕ್ಕ ಬರೆದು, ನಡುರಾತ್ರಿ ಬಾಣಂತಿಯನ್ನು ಆಸ್ಪತ್ರೆಗೆ ಕರೆದೊಯ್ಯುವವಳಿಗೆ ಕೊಡುವುದೂ ಗೌರವಧನ. ಸಂಬಳ ಎಂದರೆ ಅವಳು ನೌಕರಳಾಗುತ್ತಾಳೆ. ನೌಕರಳಾದರೆ ಕನಿಷ್ಠ ವೇತನ, ಪಿಎಫ್, ನಿವೃತ್ತಿಯ ಹಣ ಎಲ್ಲ ಕೇಳುತ್ತಾಳೆ. ಅಂಗನವಾಡಿಯವರ ಕತೆಯೂ ಇದೇ. ಅಂಗನವಾಡಿಗಳನ್ನು ನಡೆಸುವ ಯೋಜನೆ 1975ರ ಅಕ್ಟೋಬರ್ 2ರಂದು ಶುರುವಾಯಿತು. ಅಂಗನವಾಡಿಯವರದು ಸರ್ಕಾರಿ ಹುದ್ದೆಯಲ್ಲ ಎಂದು 2006ರಲ್ಲಿ ಸುಪ್ರೀಂ ಕೋರ್ಟಿನಿಂದ ತೀರ್ಪು ಪಡೆದದ್ದು ಕರ್ನಾಟಕ ಸರ್ಕಾರವೇ. ಅವರಿಗೆ ಗ್ರಾಚ್ಯುಟಿ ಕೊಡಬೇಕು ಎಂದು ಅದೇ ಕೋರ್ಟು ಹೇಳಲು 2022ರ ಏಪ್ರಿಲ್ ಬರಬೇಕಾಯಿತು. ಆಶಾ, ಅಂಗನವಾಡಿಯವರಂಥ ಎಲ್ಲರನ್ನೂ ಕಾರ್ಮಿಕರೆಂದು ಗುರುತಿಸಿ ಎಂದು ಭಾರತೀಯ ಕಾರ್ಮಿಕ ಸಮ್ಮೇಳನ 2013ರಲ್ಲೇ ಶಿಫಾರಸು ಮಾಡಿದೆ. ಕೇಂದ್ರದಲ್ಲಿ ಆಮೇಲೆ ಬಂದ ಸರ್ಕಾರವೂ, ಅದಕ್ಕೆ ಮುಂಚಿನದೂ ಅದನ್ನು ಕಪಾಟಿನಲ್ಲಿಟ್ಟವು. ಮಾತಿನ ಕರಡಿನಲ್ಲಿ ಹೆಣ್ಣಿನ ಗೌರವ, ವೇತನದ ಪಟ್ಟಿಯಲ್ಲೂ ಅವಳಿಗೆ ಗೌರವ. ಅವಳು ಕೇಳುತ್ತಿರುವುದು ಅದನ್ನಲ್ಲ.

ಕೇಳಿದರೆ ಸಿಗುತ್ತದೆ ಎಂಬುದಕ್ಕೂ ನಮ್ಮಲ್ಲೇ ಸಾಕ್ಷಿ ಇದೆ. 2022ರ ಜುಲೈ ಮೊದಲ ದಿನಗಳಲ್ಲಿ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟರು. ಅವರಲ್ಲಿ ಬಹುಪಾಲು ದಲಿತ ಹೆಣ್ಣುಮಕ್ಕಳು. ನಾಲ್ಕು ದಿನ ನಗರಕ್ಕೆ ತನ್ನ ಕಸ ತನಗೇ ಕಂಡಿತು. ಬೊಮ್ಮಾಯಿ ಸರ್ಕಾರ ಕಾಯಂ ಮಾಡುವ ಭರವಸೆ ಕೊಟ್ಟಿತು. 2025ರ ಮೇ 1ರಂದು ಸಿದ್ದರಾಮಯ್ಯ ಸರ್ಕಾರ ಬೆಂಗಳೂರಿನ 12,000ಕ್ಕೂ ಹೆಚ್ಚು ಪೌರಕಾರ್ಮಿಕರಿಗೆ ಕಾಯಂ ನೇಮಕದ ಪತ್ರ ಕೊಟ್ಟಿತು. ಎರಡು ಪಕ್ಷದ ಸರ್ಕಾರಗಳು ಸೇರಿ ಮುಗಿಸಿದ ಈ ಕೆಲಸ ಶುರುವಾದದ್ದು ಯಾವ ಪ್ರಣಾಳಿಕೆಯಿಂದಲೂ ಅಲ್ಲ, ಪೊರಕೆ ಕೆಳಗಿಟ್ಟ ಆ ನಾಲ್ಕು ದಿನದಿಂದ.

ಆದ್ದರಿಂದ ಸರ್ಕಾರಕ್ಕೆ ನೇರವಾಗಿ ಹೇಳುತ್ತೇನೆ. ಜೂನ್ ಕರಡಿನಲ್ಲಿದ್ದಂಥ ಹರವಾದ ಪದಗಳನ್ನು ಯಾವ ಹೆಸರಿನ ಮಸೂದೆಯಲ್ಲೂ ಮತ್ತೆ ತರಬೇಡಿ. 2021ರ ಆದೇಶವನ್ನು ತಿದ್ದಿ, ಕಾರ್ಖಾನೆಗಳಿರುವ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಕಡೆಗಳಲ್ಲೂ, ವಿಧಾನಸೌಧ ಕಣ್ಣಿಗೆ ಬೀಳುವ ಕಡೆಯಲ್ಲೂ ಜನ ಸೇರಲು ಜಾಗ ಬಿಡಿ. ಕಾರ್ಮಿಕ ಸಂಹಿತೆಯ ನಿಯಮಗಳನ್ನು ರೂಪಿಸುವಾಗ ಮೊದಲು ಹೊಲಿಗೆ ಲೈನಿನ ಹೆಂಗಸರನ್ನು ಕರೆದು ಕೇಳಿ, ಅವರು ಬಿಡುವಾಗಿರುವ ಭಾನುವಾರ, ಅವರಿಗೆ ತಿಳಿಯುವ ಕನ್ನಡದಲ್ಲಿ. ಬಾಯಿಬಿಟ್ಟ ಕಾರಣಕ್ಕೆ ಕೆಲಸ ಕಳೆದುಕೊಂಡವಳ ದೂರನ್ನು ಕಾರ್ಮಿಕ ಇಲಾಖೆ ತಿಂಗಳೊಳಗೆ ಇತ್ಯರ್ಥ ಮಾಡಲಿ. ವಿರೋಧ ಪಕ್ಷದವರಿಗೂ ಇದೇ ಮಾತು. ವಾಕ್‌ಸ್ವಾತಂತ್ರ್ಯಕ್ಕಾಗಿ ಸದನದಲ್ಲಿ ಮೇಜು ಗುದ್ದುವವರು ಮುಷ್ಕರದ ನೋಟಿಸಿನ ಬಗ್ಗೆಯೂ ಒಮ್ಮೆ ಗುದ್ದಲಿ.

ಜನವರಿಯ ಆ ಧರಣಿ ನಾಲ್ಕನೆಯ ದಿನ ಮುಗಿಯಿತು. ಆಶಾ ಕಾರ್ಯಕರ್ತೆಯರು ತಿಂಗಳಿಗೆ 15,000 ಕೇಳಿದ್ದರು. ಏಪ್ರಿಲ್‌ನಿಂದ ಕನಿಷ್ಠ 10,000 ಖಾತರಿಯಾಗಿ ಸಿಗುತ್ತದೆ ಎಂದು ಮುಖ್ಯಮಂತ್ರಿ ಮಾತು ಕೊಟ್ಟರು. ತಾಡಪಾಲು ಮಡಚಿ, ರೊಟ್ಟಿಯ ಬಟ್ಟೆ ಕೊಡವಿ, ಆ ರಾತ್ರಿಯ ಬಸ್ಸು ಹಿಡಿದು ಊರಿಗೆ ಹೋದರು. ಕೊಟ್ಟ ಮಾತು ನಡೆಯಲಿಲ್ಲವೆಂದು ಅದೇ ವರ್ಷದ ಆಗಸ್ಟ್‌ನಲ್ಲಿ, ಮಳೆಯ ದಿನಗಳಲ್ಲಿ, ಮತ್ತೆ ಧರಣಿ ಕೂತರು. ಹಾಗೆ ಕೂತ ದಿನಗಳಲ್ಲೂ ಹಳ್ಳಿಯಿಂದ ಹೆರಿಗೆ ನೋವಿನ ಫೋನು ಬಂದರೆ ಎತ್ತಿಕೊಳ್ಳುತ್ತಿದ್ದವರು ಅವರೇ.